ಓದದೆ ಬಿಟ್ಟ ಹಿಂದಿನ ಮಗ್ಗಲು

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಹೆಸರು ಕೆಡಿಸಿದವನೇ ಕೊನೆಗೆ ಕೂತು ಅದೇ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದು ಹಾರ ಹಾಕುವುದು ಸರಿ ಕಾಣುವುದಿಲ್ಲ. ಮಡಗಾಂವದ ನಮ್ಮ ಅಂಗಡಿಯಲ್ಲಿ ಅವರನ್ನು ಎಲ್ಲರೂ ಮಿಸ್ತ್ರಿ ಅನ್ನುತ್ತಿದ್ದರು. ಗೋವಾದಲ್ಲಿ ಗಲ್ಲಿಗೊಬ್ಬ ಮಿಸ್ತ್ರಿ ಸಿಗುತ್ತಾನೆ. ಆದರೆ ನಮ್ಮಲ್ಲಿ ‘ಮಿಸ್ತ್ರಿ ಬಂದು ಹೋದರು’ ಅಂದರೆ ಅದು ಅವರೊಬ್ಬರೇ. ಕಳೆದ ತಿಂಗಳು ಅವರು ತೀರಿಕೊಂಡರು.

ನಮ್ಮದು ಬೆಳಗಾವಿಯಿಂದ ಬಂದ ವ್ಯಾಪಾರದ ಮನೆತನ. ಅಪ್ಪ ಇಲ್ಲಿ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ಇಟ್ಟರು, ನಾನು ಅದರ ಗಲ್ಲಾದ ಮುಂದೆ ಕೂತು ಮೂವತ್ತು ವರ್ಷದ ಮೇಲಾಯಿತು. ವೈರು, ಸ್ವಿಚ್ಚು, ಫ್ಯಾನು ಯಾರಾದರೂ ಮಾರುತ್ತಾರೆ. ಕಾರ್ಖಾನೆಯ ಯಂತ್ರಗಳಿಗೆ ಬೇಕಾಗುವ ರಿಲೇ, ಟೈಮರುಗಳನ್ನು ಇಡುವುದು ನಮ್ಮ ಅಂಗಡಿಯ ಹೆಚ್ಚುಗಾರಿಕೆ. ಅವುಗಳ ಬಗ್ಗೆ ನಾನು ಗಿರಾಕಿಗಳ ಮುಂದೆ ಬಹಳ ತಿಳಿದವನಂತೆ ಮಾತಾಡುತ್ತೇನೆ. ಆ ಮಾತುಗಳೆಲ್ಲ ಮಿಸ್ತ್ರಿಯಿಂದ ಕದ್ದವು.

ಅವರದು ವಿಜಯಪುರದ ಕಡೆಯ ಊರು. ಹರೆಯದಲ್ಲಿ ಮುರ್ಮುಗಾಂವ್ ಬಂದರಿಗೆ ಅದಿರು ತುಂಬುವ ಕೂಲಿಯಾಗಿ ಬಂದರು. ಅಲ್ಲಿ ಅದಿರು ಹೊರುವ ಉದ್ದುದ್ದ ಬೆಲ್ಟುಗಳು ಒಂದಾದ ಮೇಲೆ ಒಂದು ಶುರುವಾಗಬೇಕು. ಮುಂದಿನ ಬೆಲ್ಟು ಓಡುವ ಮೊದಲೇ ಹಿಂದಿನದು ಓಡಿದರೆ ನಡುವೆ ಅದಿರಿನ ಗುಡ್ಡ ಬೀಳುತ್ತದೆ. ಹಾಗೆ ಒಂದನ್ನೊಂದು ಕಾಯಿಸುವ ಕೆಲಸ ಟೈಮರಿನದು. ಸಲಿಕೆ ಹಿಡಿದ ಹುಡುಗ ಅದನ್ನು ನೋಡುತ್ತ ನಿಂತು ಬೈಸಿಕೊಂಡ, ನೋಡುತ್ತಲೇ ಕಲಿತ, ಒಂದು ದಿನ ಸಲಿಕೆ ಬಿಟ್ಟು ಸ್ಕ್ರೂಡ್ರೈವರ್ ಹಿಡಿದ. ಮುಂದೆ ಗಣಿ ನಿಂತು ಬಂದರಿನ ಕೆಲಸ ಕಡಿಮೆಯಾದಾಗ ಕೊರ್ಲಿಮ್ ಕಡೆಯ ಸಣ್ಣ ಕಾರ್ಖಾನೆಗಳಿಗೆ ಹೋಗತೊಡಗಿದರು. ಮನೆ ಮಾತ್ರ ಮಡಗಾಂವದ ಮೋತಿ ಡೊಂಗರದಲ್ಲಿ. ದಿನಾ ಎರಡು ಬಸ್ಸು ಬದಲಿಸಿ ಹೋಗಿ ಬರುತ್ತಿದ್ದರು.

ಅಂಗಡಿಗೆ ಬಂದರೆ ಮೊದಲು ಹೊರಗೆ ಚಪ್ಪಲಿ ಬಿಡುವರು. “ಇದೇನ್ ಗುಡಿ ಏನ್ರಿ ಮಿಸ್ತ್ರಿ?” ಅಂತ ನಾನು ಚೇಷ್ಟೆ ಮಾಡಿದರೆ, “ಕರೆಂಟಿನ ಜಾಗಾ ಐತಲ್ರಿ ಸಾವ್ಕಾರ್ರ, ಗುಡಿಗಿಂತ ಹೆಚ್ಚಿಂದು,” ಅನ್ನುವರು. ಆಮೇಲೆ ಹೆಗಲ ಟಾವೆಲಿನ ಗಂಟು ಬಿಚ್ಚಿ ಕೆಟ್ಟುಹೋದ ಸಾಮಾನನ್ನು ಕೌಂಟರಿನ ಮೇಲೆ ಇಡುವರು. ಇಡುವ ಮೊದಲು ಒಮ್ಮೆ ಮೂಗಿನ ಹತ್ತಿರ ಹಿಡಿದು ನೋಡುವರು. “ಇದು ಸುಟ್ಟಿದ್ದಲ್ರಿ, ದಣದದ್ದು. ವಯಸ್ಸಾಗೇತಿ. ಇದರ ಜೋಡಿದ ಕೊಡ್ರಿ.” ವಾಸನೆಯಲ್ಲೇ ಸುಟ್ಟದ್ದಕ್ಕೂ ದಣಿದದ್ದಕ್ಕೂ ಅವರಿಗೆ ಫರಕು ಗೊತ್ತಾಗುತ್ತಿತ್ತು. ನಾನೂ ಎಷ್ಟೋ ಸಲ ಮೂಸಿ ನೋಡಿದ್ದೇನೆ, ನನಗೆ ಎಲ್ಲ ಒಂದೇ ವಾಸನೆ.

ಟೈಮರನ್ನು ಅವರು ಎಂದೂ ಡಬ್ಬಿ ನೋಡಿ ಒಯ್ದವರಲ್ಲ. ನಮ್ಮ ಕೌಂಟರಿನ ಮೂಲೆಯಲ್ಲಿ ಒಂದು ಹಲಗೆಗೆ ಹೋಲ್ಡರು, ಬಲ್ಬು, ಎರಡು ವೈರು ಇವೆ, ಸಾಮಾನು ಪರೀಕ್ಷೆ ಮಾಡಿ ಕೊಡಲಿಕ್ಕೆ. ಮಿಸ್ತ್ರಿ ಅದಕ್ಕೆ ಟೈಮರು ಜೋಡಿಸಿ, ಹತ್ತು ಸೆಕೆಂಡಿಗೆ ಇಟ್ಟು, ಬಲ್ಬು ಹತ್ತಿದ ಕೂಡಲೇ ಎಣಿಸಲಿಕ್ಕೆ ಶುರು ಮಾಡುವರು. “ಒಂದ್ ಎಲ್ಲವ್ವ, ಎರಡ್ ಎಲ್ಲವ್ವ, ಮೂರ್ ಎಲ್ಲವ್ವ...” ಎಣಿಕೆಯ ನಡುವೆ ಸವದತ್ತಿಯ ದೇವಿಯನ್ನು ಕೂರಿಸಿದರೆ ಒಂದೊಂದೂ ಸರಿಯಾಗಿ ಒಂದು ಸೆಕೆಂಡು ಆಗುತ್ತದಂತೆ. ಹತ್ತನೆಯ ಎಲ್ಲವ್ವನಿಗೆ ಬಲ್ಬು ಆರಬೇಕು. ಒಮ್ಮೆ ಒಂಬತ್ತಕ್ಕೇ ಆರಿತು. “ಇದು ಅವಸರದ್ದು ಐತಿ, ಬ್ಯಾರೆ ಕೊಡ್ರಿ,” ಅಂದರು. “ನಿಮ್ಮ ಎಲ್ಲವ್ವಗ ಇವತ್ತ ನಿದ್ದಿ ಬಂದಿರಬೇಕು,” ಎಂದು ನಾನು ಮೊಬೈಲಿನ ಗಡಿಯಾರ ಹಚ್ಚಿ ನೋಡಿದೆ. ಎಲ್ಲವ್ವನದೇ ಖರೆಯಿತ್ತು.

ಒಂದು ಸಲ ಔಷಧಿ ಕಾರ್ಖಾನೆಯೊಂದರ ಎಂಜಿನಿಯರ್ ಬಂದು ಸೊಲೆನಾಯ್ಡ್ ವಾಲ್ವಿಗೆ ಒಂದು ಟೈಮರ್ ಬೇಕು ಅಂದ. ಸೊಲೆನಾಯ್ಡ್ ಅಂದರೆ ತಾಮ್ರದ ತಂತಿಯ ಒಂದು ಸುರುಳಿ. ಕರೆಂಟು ಹರಿದರೆ ಒಳಗಿನ ಕಬ್ಬಿಣದ ಗೂಟವನ್ನು ಎಳೆದು ವಾಲ್ವು ತೆರೆಯುತ್ತದೆ, ಕರೆಂಟು ನಿಂತರೆ ಬಿಟ್ಟು ಮುಚ್ಚುತ್ತದೆ. ನಮ್ಮ ಮಂದಿ ಅದಕ್ಕೆ ಬರೀ ಕಾಯಿಲ್ ಅನ್ನುತ್ತಾರೆ. ನಾನು ಕಪಾಟಿನಿಂದ ಕೈಗೆ ಸಿಕ್ಕ ಟೈಮರನ್ನು ತೆಗೆದು ಬಿಲ್ ಬರೆಯಲಿಕ್ಕೆ ಹತ್ತಿದ್ದೆ. ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಮಿಸ್ತ್ರಿ ಎದ್ದು ಬಂದರು.

“ಸಾಹೇಬ್ರ, ಒಂದ್ ಮಾತು. ಕರೆಂಟ್ ಬಂದ್ ಮ್ಯಾಲ ಎಣಸಬೇಕೋ, ಹೋದ್ ಮ್ಯಾಲ ಎಣಸಬೇಕೋ?”

ಎಂಜಿನಿಯರ್ ಯೋಚಿಸಿ, ಹೋದ ಮೇಲೆ ಅಂದ. ನಾನು ತೆಗೆದದ್ದು ಬಂದ ಮೇಲೆ ಎಣಿಸುವ ಜಾತಿಯದು.

“ಎಷ್ಟ್ ಹೊತ್ತು ಎಣಸಬೇಕ್ರಿ? ದಿನಕ್ಕ ಎಷ್ಟ್ ಸಲ? ಮತ್ತ ಮುಂದ ಕಟ್ಟೂದು ಕಾಯಿಲ್ ಅಂದ್ರಿ. ಬಲ್ಬ್ ಸಾಧು ಪ್ರಾಣಿ ಐತ್ರಿ, ಹತ್ತ ಅಂದ್ರ ಹತ್ತತೈತಿ, ಆರ ಅಂದ್ರ ಆರತೈತಿ. ಕಾಯಿಲ್ ಹಂಗಲ್ಲ. ಕರೆಂಟ್ ಬಿಡಿಸುವಾಗ ಎಮ್ಮಿ ಹಂಗ ಹಿಂದಕ್ಕ ಒದೀತೈತಿ. ಟೈಮರಿನ ಒಳಗ ಕರೆಂಟ್ ಕೂಡಿಸಿ ಬಿಡಿಸೂ ಕಾಂಟ್ಯಾಕ್ಟ್ ಸಣ್ಣದಿದ್ರ ಆ ಒದಿಕಿಗೆ ಕಿಡಿ ಹಾರಿ ಸುಟ್ಟು ಅಂಟಿಕೊಂಡ ಬಿಡ್ತೈತಿ. ಆಮ್ಯಾಲ ಟೈಮರ್ ಎಷ್ಟ್ ಎಣಿಸಿದ್ರೂ ವಾಲ್ವ್ ಮುಚ್ಚೂದಿಲ್ಲ.”

ಆ ಎಂಜಿನಿಯರ್ ಅಂದಿನಿಂದ ನಮ್ಮ ಖಾಯಂ ಗಿರಾಕಿಯಾದ. ಹೋಗುವಾಗ ನನ್ನ ಕೈ ಕುಲುಕಿ ‘ನಿಮ್ಮ ಅಂಗಡಿಯಲ್ಲಿ ಕೇಳಿ ಕೊಡುತ್ತಾರೆ’ ಅಂದ. ಮಿಸ್ತ್ರಿಯ ಕಡೆ ನೋಡಲೂ ಇಲ್ಲ. ನಾನು ಆ ಹೊಗಳಿಕೆಯನ್ನು ಹಲ್ಲು ಕಿರಿದು ಜೇಬಿಗಿಳಿಸಿದೆ. ಮಿಸ್ತ್ರಿ ಸ್ಟೂಲಿನ ಮೇಲೆ ಮತ್ತೆ ಹೋಗಿ ಕೂತರು.

ಮಿಸ್ತ್ರಿಗೆ ಕನ್ನಡ ಓದಲಿಕ್ಕೆ ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ. ಟೈಮರಿನ ಡಬ್ಬಿಯೊಳಗೆ ಮಡಚಿದ ಒಂದು ಹಾಳೆ ಇರುತ್ತದೆ, ಎರಡೂ ಮಗ್ಗಲಿಗೆ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರ. ಬಲ್ಬಿನ ಪರೀಕ್ಷೆ ಮುಗಿದ ಮೇಲೆ ಆ ಹಾಳೆಯನ್ನು ಬಿಚ್ಚಿ ಎರಡೂ ಕೈಯಿಂದ ನನ್ನ ಮುಂದೆ ಹಿಡಿಯುವರು. “ಓದ್ರಿ ಸ್ವಲ್ಪ.” ನಾನು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಬೇಕು. ಅವರು ಕಣ್ಣು ಮುಚ್ಚಿ ಪುರಾಣ ಕೇಳಿದ ಹಾಗೆ ಕೇಳುವರು. ಒಂದು ಮಗ್ಗಲು ಮುಗಿದರೆ ಕಣ್ಣು ಮುಚ್ಚಿಕೊಂಡೇ “ಹಿಂದಿನ ಮಗ್ಗಲ?” ಅನ್ನುವರು. ಬಲ್ಬು ಹೇಳುವುದು ಹೊತ್ತಿನ ಲೆಕ್ಕ ಮಾತ್ರ, ಕಾಯಿಲಿನ ಒದಿಕೆಯನ್ನು ತಡೆಯುವ ತಾಕತ್ತು ಇದೆಯೋ ಇಲ್ಲವೋ ಅನ್ನುವುದನ್ನು ಹಾಳೆಯೇ ಹೇಳಬೇಕು ಅನ್ನುವುದು ಅವರ ಲೆಕ್ಕ. ಹಾಳೆ ಅಂದರೆ ಅವರ ಮಟ್ಟಿಗೆ ನಾನು.

ಮೂರು ವರ್ಷದ ಹಿಂದಿನ ಮಾತು. ಚವತಿಗೆ ಎರಡು ದಿನ ಇತ್ತು. ಚವತಿಯ ಮುಂದೆ ಗೋವಾದ ಎಲೆಕ್ಟ್ರಿಕ್ ಅಂಗಡಿಗಳನ್ನು ನೋಡಬೇಕು, ಗಣಪತಿಯ ಮುಂದೆ ಮಿಣುಕುವ ದೀಪದ ಸರಕ್ಕಾಗಿ ಇಡೀ ಊರೇ ನುಗ್ಗಿರುತ್ತದೆ. ಒಬ್ಬರು ಸರ ಬಿಚ್ಚಿ ತೋರಿಸು ಅನ್ನುತ್ತಾರೆ, ಇನ್ನೊಬ್ಬರು ಬಿಚ್ಚಿದ್ದನ್ನು ಮಡಚಿ ಕೊಡು ಅನ್ನುತ್ತಾರೆ. ಆ ಗದ್ದಲದ ನಡುವೆ ಮಿಸ್ತ್ರಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಟಾವೆಲಿನ ಗಂಟು ಬಿಚ್ಚಿದರು. ಕೊರ್ಲಿಮ್ ಕಡೆಯ ಒಂದು ಗೇರುಬೀಜದ ಕಾರ್ಖಾನೆಯ ಟೈಮರು ದಣಿದಿತ್ತು.

ಅಲ್ಲಿ ಹಸಿ ಗೇರುಬೀಜವನ್ನು ದೊಡ್ಡ ಡ್ರಮ್ಮಿಗೆ ತುಂಬಿ ಉಗಿ ಬಿಡುತ್ತಾರೆ. ಹತ್ತು ನಿಮಿಷವಾದ ಮೇಲೆ ಟೈಮರು ಕಾಯಿಲಿನ ಕರೆಂಟು ಕತ್ತರಿಸಿ ವಾಲ್ವು ಮುಚ್ಚಿಸಬೇಕು. ಆಮೇಲೆ ಒಬ್ಬ ಕೆಲಸದವಳು ಸ್ವಲ್ಪ ಹೊತ್ತು ತಡೆದು ಡ್ರಮ್ಮಿನ ಬಾಗಿಲು ತೆರೆಯುತ್ತಾಳೆ. ಹಳೆಯ ಟೈಮರಿನ ಮಾದರಿ ಬರುವುದು ನಿಂತಿತ್ತು. ಅದೇ ಕಂಪನಿಯ ಹೊಸ ಮಾದರಿ, ಅದರ ಅರ್ಧದಷ್ಟು ಗಾತ್ರದ್ದು, ನನ್ನಲ್ಲಿತ್ತು. ಸೆಕೆಂಡು, ನಿಮಿಷ, ತಾಸು ಅಂತ ಮೂರು ಮನೆಗೆ ತಿರುಗುವ ಗುಬ್ಬಿ, ಅಂದರೆ ನಾಬು, ಎಷ್ಟು ಅನ್ನುವುದಕ್ಕೆ ಒಂದು ಮುಳ್ಳು. ಮಿಸ್ತ್ರಿ ಅದನ್ನು ಕೈಯಲ್ಲಿ ತೂಗಿ ನೋಡಿದರು. “ಭಾಳ ಹಗುರ ಐತಿ,” ಅಂದರು. ಬಲ್ಬಿಗೆ ಹಚ್ಚಿದರು. ಆ ಸಂತೆಯಲ್ಲಿ ಅವರ ಎಲ್ಲವ್ವ ನನಗೆ ಕೇಳಿಸಲೂ ಇಲ್ಲ. ಬಲ್ಬು ಸರಿಯಾಗಿ ಆರಿತು. ಹಾಳೆ ಬಿಚ್ಚಿ ನನ್ನ ಮುಂದೆ ಹಿಡಿದರು.

ನಾನು ಮೊದಲ ಮಗ್ಗಲಿನ ನಾಲ್ಕು ಸಾಲು ಓದಿದೆ. ಅಷ್ಟರಲ್ಲಿ ಯಾರೋ ದೀಪದ ಸರವನ್ನು ನನ್ನ ಮೂಗಿಗೇ ತಂದರು.

“ಹಿಂದಿನ ಮಗ್ಗಲ ಏನೈತ್ರಿ?”

“ಬರೀ ಗ್ಯಾರಂಟಿ ಬರದಾರ ಬಿಡ್ರಿ.”

“ಕಾಯಿಲ್ ತಡೀತೈತೇನ್ರಿ?”

“ತಡೀತೈತಿ, ತಡೀತೈತಿ. ಹಳೇದರ ತಮ್ಮನಽ ಅದು.”

ಓದದೇ ಹೇಳಿದೆ. ಹಾಳೆಯನ್ನು ಮಡಚಿ ಡಬ್ಬಿಯೊಳಗೆ ಹಾಕುವಾಗ ನನಗೆ ಅವರ ಮೇಲೆ ಸಿಟ್ಟೂ ಬಂದಿತ್ತು, ಹಬ್ಬದ ಸಂತೆಯಲ್ಲಿ ಪುರಾಣ ಹೇಳಿಸಿಕೊಳ್ಳಲಿಕ್ಕೆ ಬಂದಿದ್ದಾರಲ್ಲ ಎಂದು. “ನೀವ್ ಅಂದ್ರ ಆತು,” ಅಂದು ಅವರು ಹೋದರು.

ಚವತಿ ಮುಗಿದು ಎರಡು ವಾರಕ್ಕೆ ಸುದ್ದಿ ಬಂತು. ಹತ್ತು ನಿಮಿಷವಾಗಿತ್ತು, ವಾಲ್ವು ಮುಚ್ಚಿರಲಿಲ್ಲ. ಡ್ರಮ್ಮಿನ ಒತ್ತಡ ತೋರಿಸುವ ಮುಳ್ಳು ಎಂದೋ ಕೆಟ್ಟು ನಿಂತಿತ್ತು. ಆ ಕೆಲಸದ ಹೆಂಗಸು, ಇಲ್ಲಿಯವರ ಮಾತಿನಲ್ಲಿ ಬಾಯಿ, ಓಲ್ಡ್ ಗೋವಾ ಕಡೆಯವಳು, ಕೊಂಕಣಿ ಬಿಟ್ಟು ಬೇರೆ ಭಾಷೆ ಬಾರದವಳು, ಗೋಡೆಯ ಗಡಿಯಾರ ನೋಡಿ ರೂಢಿಯಂತೆ ಬಾಗಿಲು ತೆರೆದಳು. ಉಗಿ ಅವಳ ಬಲಗೈಯನ್ನು ಮೊಣಕೈವರೆಗೆ ಬೇಯಿಸಿಬಿಟ್ಟಿತು.

ಮಾರನೆಯ ದಿನ ಕಾರ್ಖಾನೆಯ ಸ್ಟೋರ್‌ಕೀಪರ್ ಆ ಟೈಮರನ್ನು ತಂದು ಬದಲಿಸಿ ಕೊಡಿ ಎಂದ. ಅವನು ಚಹಾ ಕುಡಿಯಲಿಕ್ಕೆ ಹೋದಾಗ ನಾನು ಅದನ್ನು ನೋಡಿದೆ. ಗುಬ್ಬಿ ನಿಮಿಷದ ಮನೆಯ ಮೇಲೇ ಇತ್ತು, ಮುಳ್ಳು ಹತ್ತರ ಮೇಲೆ. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಮುಚ್ಚಳ ಬಿಚ್ಚಿದರೆ ಒಳಗೆ ಕಾಂಟ್ಯಾಕ್ಟ್ ಕರ್ರಗಾಗಿ ಒಂದಕ್ಕೊಂದು ಅಂಟಿಕೊಂಡಿತ್ತು. ಆಮೇಲೆ ಬೇರೆ ಡಬ್ಬಿಯಿಂದ ಹಾಳೆ ತೆಗೆದು ಹಿಂದಿನ ಮಗ್ಗಲು ಓದಿದೆ. ಈ ಮಾದರಿಯನ್ನು ಕಾಯಿಲಿಗೆ ನೇರವಾಗಿ ಕಟ್ಟಬೇಡಿ, ನಡುವೆ ಆ ಒದಿಕೆ ತಡೆಯುವ ಒಂದು ದೊಡ್ಡ ರಿಲೇ ಹಾಕಿ ಅಂತ ಎರಡು ಸಾಲು. ಓದಲಿಕ್ಕೆ ನನಗೆ ಹಿಡಿದದ್ದು ಮೂರು ಎಲ್ಲವ್ವನಷ್ಟು ಹೊತ್ತು.

ಸ್ಟೋರ್‌ಕೀಪರ್ ಬಂದ ಮೇಲೆ ಹೊಸ ಟೈಮರಿನ ಜೊತೆ ಒಂದು ದೊಡ್ಡ ರಿಲೇಯನ್ನೂ ಕೊಟ್ಟು, “ಇದನ್ನು ನಡುವೆ ಹಾಕಿಸಿ,” ಎಂದೆ. ಯಾಕೆ ಎಂದು ಅವನು ಕೇಳಲಿಲ್ಲ. ಸುಟ್ಟ ಟೈಮರನ್ನು ಆ ಸಂಜೆಯೇ ಗುಜರಿಯವನ ಚೀಲಕ್ಕೆ ಹಾಕಿದೆ.

ಎರಡು ದಿನ ಬಿಟ್ಟು ಅಲ್ಲಿನ ಮ್ಯಾನೇಜರ್ ಫೋನ್ ಮಾಡಿದ. ಅವಘಡದ ಬೆಳಿಗ್ಗೆ ಯಂತ್ರ ನೋಡಿ ಹೋಗಿದ್ದ ಮಿಸ್ತ್ರಿ ಗುಬ್ಬಿಯನ್ನು ಒಂದು ಮನೆ ಹೆಚ್ಚಿಗೆ ತಿರುಗಿಸಿ, ನಿಮಿಷದ ಬದಲು ತಾಸಿಗೆ ಇಟ್ಟಿದ್ದಾನೆ ಎಂದು ಅವರು ತೀರ್ಮಾನ ಮಾಡಿಬಿಟ್ಟಿದ್ದರು. ಇಂಗ್ಲಿಷ್ ಬಾರದ ಮನುಷ್ಯ, ಅಕ್ಷರ ತಿಳಿಯದೆ ತಪ್ಪಿದ್ದಾನೆ. ಕೆಟ್ಟು ನಿಂತ ಒತ್ತಡದ ಮುಳ್ಳಿನ ಬಗ್ಗೆ ಮಾತೇ ಇಲ್ಲ. “ಮಾಲು ಸರಿ ಇತ್ತಲ್ಲ ಸೇಠ್?” ಎಂದು ಕೊಂಕಣಿಯಲ್ಲಿ ಕೇಳಿದ.

“ಅವರೇ ಅಂಗಡಿಯಲ್ಲಿ ಪರೀಕ್ಷೆ ಮಾಡಿ ಒಯ್ದಿದ್ದರು,” ಅಂದೆ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಉತ್ತರ. ಒಂದಕ್ಷರ ಸುಳ್ಳಿಲ್ಲ. ಪೊಲೀಸು, ಕೋರ್ಟು, ಕಂಪನಿಯ ಏಜೆನ್ಸಿ, ಅಪ್ಪ ಕಟ್ಟಿದ ಅಂಗಡಿಯ ಹೆಸರು ಎಲ್ಲ ಆ ಒಂದು ಕ್ಷಣದಲ್ಲಿ ನನ್ನ ಕಣ್ಣ ಮುಂದೆ ಬಂದವು. ಮಿಸ್ತ್ರಿಯ ಹೆಸರು ಬರಲಿಲ್ಲ. ಆ ಕಾರ್ಖಾನೆ ಅವರನ್ನು ಬಿಡಿಸಿತು. ಮಾತು ಹಬ್ಬಿ ಉಳಿದವರೂ ಕರೆಯುವುದನ್ನು ಬಿಟ್ಟರು. ಒಂದು ತಿಂಗಳಲ್ಲಿ ಇಡೀ ಕೊರ್ಲಿಮ್ಮಿಗೆ ಬೇಕಾಗಿದ್ದ ಮನುಷ್ಯ ಮೋತಿ ಡೊಂಗರದಲ್ಲಿ ಮಿಕ್ಸರು, ಟೇಬಲ್ ಫ್ಯಾನು ರಿಪೇರಿ ಮಾಡುತ್ತ ಕೂತರು.

ಅವರು ನನ್ನ ಅಂಗಡಿಗೆ ಬರುವುದನ್ನು ಬಿಟ್ಟಿದ್ದರೆ ನನಗೆ ಸಲೀಸಾಗುತ್ತಿತ್ತು. ಬಿಡಲಿಲ್ಲ. ಮೊದಲಿನಂತೆ ಚಪ್ಪಲಿ ಕಳಚಿ ಬಂದು ಸ್ಟೂಲಿನ ಮೇಲೆ ಕೂರುವರು. ಕುಂಬಳಕಾಯಿ ಕಳ್ಳನಂತೆ ನಾನು ಅವರ ಪ್ರತಿ ಮಾತಿಗೂ ಹೆಗಲು ಮುಟ್ಟಿಕೊಳ್ಳುತ್ತಿದ್ದೆ. ಅವರ ಮಾತು ಒಂದೇ.

“ಸಾವ್ಕಾರ್ರ, ಬಲ್ಬ್ ಸರಿಯಾಗೇ ಆರಿತ್ತಲ್ರಿ?”

“ಆರಿತ್ತು ಮಿಸ್ತ್ರಿ.”

“ಮತ್ತ ನಾ ಎಲ್ಲಿ ತಪ್ಪಿದೆ?”

ಒಂದು ದಿನ ಅದೇ ಮಾದರಿಯ ಟೈಮರೊಂದನ್ನು ಕೈಗೆ ಕೊಡಿ ಎಂದರು. ಕೊಟ್ಟೆ. ಕಣ್ಣು ಮುಚ್ಚಿಕೊಂಡು ಗುಬ್ಬಿಯನ್ನು ಸೆಕೆಂಡಿನಿಂದ ನಿಮಿಷಕ್ಕೆ ತಿರುಗಿಸಿದರು. ಕಣ್ಣು ತೆರೆದು ನೋಡಿದರು. ಸರಿ ಇತ್ತು. ಮತ್ತೆ ಮುಚ್ಚಿದರು, ತಿರುಗಿಸಿದರು. ಹೀಗೆ ಇಪ್ಪತ್ತು ಸಲ ಮಾಡಿರಬೇಕು. ಗಿರಾಕಿಗಳು ಅವರನ್ನೂ ನನ್ನನ್ನೂ ನೋಡುತ್ತಿದ್ದರು. ಕೊನೆಗೆ ಟೈಮರನ್ನು ಕೌಂಟರಿನ ಮೇಲೆ ಮೆಲ್ಲಗೆ ಇಟ್ಟು, “ಬೆರಳು ತಪ್ಪೂದಿಲ್ರಿ. ಆದ್ರ ತಪ್ಪಿರಬೇಕು,” ಅಂದರು. ನಾನು ಏನೋ ಹುಡುಕುವವನಂತೆ ಒಳಗಿನ ಗೋದಾಮಿಗೆ ಹೋಗಿ ವೈರಿನ ಸುರುಳಿಗಳ ನಡುವೆ ನಿಂತೆ. ಅಳು ಬಂತು. ಹೊರಗೆ ಹೋಗಿ ಹೇಳಿಬಿಡಬೇಕು ಅನ್ನಿಸಿತು, ಮುಖ ಒರೆಸಿಕೊಂಡು ಹೋಗುವಷ್ಟರಲ್ಲಿ ಆ ಅನ್ನಿಸಿದ್ದೂ ಒರೆಸಿಹೋಗಿತ್ತು.

ಇನ್ನೊಂದು ದಿನ ಅವರು ಸರಿಯಾದ ಜಾಗಕ್ಕೇ ಬಂದರು. “ಕಾಯಿಲ್ ಒದ್ದು ಕಾಂಟ್ಯಾಕ್ಟ್ ಅಂಟಿತ್ತೇನ್ರಿ? ಆ ಟೈಮರ್ ನಿಮ್ಮ ಹಂತೇಕ ಬಂದಿತ್ತಂತಲ್ಲ, ಬಿಚ್ಚಿ ನೋಡಿದ್ರೇನು?”

“ಇಲ್ರಿ, ಹಂಗಽ ಕಂಪನಿಗೆ ಕಳಿಸಿಬಿಟ್ಟೆ,” ಅಂದೆ.

ಅವರು ತಮಗೆ ತಾವೇ ತಲೆಯಾಡಿಸಿದರು. “ಅದು ಇರಾಕಿಲ್ಲ ಬಿಡ್ರಿ. ತಡೀತೈತಿ ಅಂತ ಹಾಳ್ಯಾಗ ಇತ್ತಲ್ಲ. ನೀವಽ ಓದಿದ್ರಿ.”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಈ ನಂಬಿಕೆಯನ್ನು ತಡೆದುಕೊಳ್ಳುವುದು ಕಷ್ಟವಾಯಿತು. ಆದರೂ ತಡೆದುಕೊಂಡೆ. ಮನುಷ್ಯ ಏನನ್ನು ಬೇಕಾದರೂ ಅರಗಿಸಿಕೊಳ್ಳುತ್ತಾನೆ ಅನ್ನುವುದನ್ನು ನನ್ನನ್ನು ನೋಡಿ ನಾನೇ ಕಲಿತೆ. ಅಂದು ಮಧ್ಯಾಹ್ನ ಊಟವನ್ನೂ ಮಾಡಿದೆ.

ನನ್ನ ಪಾಲಿನ ಪಾಪವನ್ನು ಅವರು ಹೇಗೆ ಹೊತ್ತರು ಅನ್ನುವುದನ್ನೂ ಹೇಳಬೇಕು. ಪ್ರತಿ ರವಿವಾರ ಎರಡು ಬಸ್ಸು ಹಿಡಿದು ಆ ಕೊಂಕಣಿ ಬಾಯಿಯ ಮನೆಗೆ ಹೋಗುತ್ತಿದ್ದರು. ಮೊದಲೆರಡು ಸಲ ಅವಳು ಬಾಗಿಲು ತೆರೆಯಲಿಲ್ಲವಂತೆ. ಹೊರಗಿನ ಕಟ್ಟೆಯ ಮೇಲೆ ಒಂದು ತಾಸು ಕೂತು ಬಂದರು. ಮೂರನೆಯ ಸಲ ಅವಳೇ ನೀರು ತಂದು ಕೊಟ್ಟಳು. ಅವಳ ಬಲಗೈ ಬೆರಳುಗಳು ಮಡಚುವುದಿಲ್ಲ ಎಂದು ನೋಡಿ ಅವಳ ಮನೆಯ ಸ್ವಿಚ್ಚುಗಳನ್ನೆಲ್ಲ ಕಿತ್ತು ಬೇರೆ ಕಡೆ ಕೂರಿಸಿದರು.

“ಎಡಗೈಗೆ ನಿಲುಕೂ ಹಂಗ ಬಟನ್ ಎಲ್ಲಾ ಕೆಳಗ ಇಳಿಸೀನ್ರಿ,” ಎಂದು ಒಮ್ಮೆ ನನ್ನ ಮುಂದೆ ಹೇಳಿದರು. “ಮೊಣಕೈಲೇ ಒತ್ತಿದ್ರೂ ಹತ್ತತಾವು. ಆ ತಂಗಿ ಕೈಯಂತೂ ತಿರುಗಿ ಕೊಡಾಕ ಆಗೂದಿಲ್ಲ. ನನ್ನಿಂದ ಹೋತ್ರಿ ಅದು.”

“ನಿಮ್ಮಿಂದ ಅಂತ ಯಾಕ ಅಂತೀರಿ,” ಅಂದೆ.

“ಮತ್ತ ಯಾರಿಂದ್ರಿ?” ಎಂದು ಅವರು ನನ್ನ ಮುಖ ನೋಡಿದರು. ಅದರಲ್ಲಿ ಅನುಮಾನ ಇರಲಿಲ್ಲ. ಉತ್ತರ ಬೇಕಾಗಿತ್ತು, ಅಷ್ಟೇ. ಇಷ್ಟು ವರ್ಷ ಹಾಳೆ ಓದಿ ಹೇಳಿದವನು ಇದನ್ನೂ ಓದಿ ಹೇಳಿಯಾನು ಎಂದುಕೊಂಡಿರಬೇಕು. ನಾನು ಕಪಾಟಿನ ಕಡೆ ತಿರುಗಿದೆ.

ಆ ಮೇಲಿನ ದಿನಗಳಲ್ಲಿ ಫ್ಯಾನಿನ ರೆಗ್ಯುಲೇಟರ್ ಒಯ್ಯುವಾಗಲೂ ನಾಲ್ಕು ನಾಲ್ಕು ಸಲ ಕೇಳುವರು, “ಇದಽ ಹೌದಲ್ರಿ? ನೋಡ್ರಿ ಇನ್ನೊಮ್ಮಿ.” ಬಲ್ಬಿನ ಹಲಗೆಯ ಹತ್ತಿರ ಹೋಗುವುದನ್ನು ಬಿಟ್ಟರು. ಎಣಿಕೆ ಬಿಟ್ಟಿರೇನು ಎಂದು ಕೇಳಿದ್ದಕ್ಕೆ, “ನನ್ನ ಎಣಿಕಿ ಮ್ಯಾಲ ನನಗಽ ಭರೋಸೆ ಇಲ್ರಿ,” ಅಂದರು. ಕಾರ್ಖಾನೆಯವರು ಕಿತ್ತುಕೊಂಡದ್ದು ಕೆಲಸ. ಇದನ್ನು ಕಿತ್ತುಕೊಂಡವನು ನಾನು.

ಅವರು ಎದೆನೋವಿನಿಂದ ಎರಡು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು ಎಂದು ಸ್ಟೋರ್‌ಕೀಪರನೇ ಬಂದು ಹೇಳಿದ. ಮೂರನೆಯ ದಿನ ಮೋತಿ ಡೊಂಗರಕ್ಕೆ ಹೋದೆ. ಅಷ್ಟು ವರ್ಷದ ಪರಿಚಯದಲ್ಲಿ ಅವರ ಮನೆಗೆ ಅದೇ ಮೊದಲು. ಗುಡ್ಡದ ಇಕ್ಕಟ್ಟು ಮೆಟ್ಟಿಲು ಹತ್ತಿ ಹೋದರೆ ಎರಡು ಕೋಣೆಯ ಮನೆ, ಮುಂದೆ ತಾಡಪಾಲು ಕಟ್ಟಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಊರಿಂದ ಬಂದ ಅವರ ತಮ್ಮಂದಿರಿಬ್ಬರು ಒಂದು ಕಡೆ. ಇನ್ನೊಂದು ಕಡೆ ಕಾರ್ಖಾನೆಯ ಮ್ಯಾನೇಜರ್, ಸ್ಟೋರ್‌ಕೀಪರ್. ಸ್ವಲ್ಪ ದೂರ, ಗೋಡೆಗೆ ಒರಗಿ, ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಬ್ಬ ಹೆಂಗಸು. ನಾನು ಅವಳನ್ನು ಎಂದೂ ನೋಡಿರಲಿಲ್ಲ, ಆದರೂ ಯಾರೆಂದು ತಿಳಿಯಿತು.

ಮ್ಯಾನೇಜರ್ ನನ್ನನ್ನು ನೋಡಿ ನಿಟ್ಟುಸಿರು ಬಿಟ್ಟ. “ಮನೀಸ್ ಬರೊ ಆಶಿಲ್ಲೊ ಸೇಠ್. ಏಕೂಚ್ ಚೂಕ್ ಜಾಲಿ.” ಮನುಷ್ಯ ಒಳ್ಳೆಯವನಿದ್ದ, ಆದದ್ದು ಒಂದೇ ತಪ್ಪು. ಎಲ್ಲರೂ ತಲೆಯಾಡಿಸಿದರು. ತಮ್ಮಂದಿರೂ ಆಡಿಸಿದರು. ನಾನು ಅಲ್ಲಿ ನಿಲ್ಲಲಾರದೆ ಒಳಗೆ ಹೋದೆ.

ಮಿಸ್ತ್ರಿಯ ಹೆಂಡತಿ ಚಾಪೆಯ ಮೇಲೆ ಕೂತಿದ್ದರು. ಸಣ್ಣ ಗಾತ್ರದ, ನೆಟ್ಟ ನೋಟದ ಹೆಣ್ಣುಮಗಳು. ನಾನು ಯಾರೆಂದು ಹೇಳಿದೆ. “ಗೊತ್ತೈತ್ರಿ. ಕುಂದರ್ರಿ,” ಅಂದರು. ಕೂತೆ. ಇಬ್ಬರೇ ಇದ್ದೆವು. ಎಲ್ಲಿಂದ ಶುರು ಮಾಡಿದೆನೋ ನೆನಪಿಲ್ಲ, ಹಾಳೆ, ಹಿಂದಿನ ಮಗ್ಗಲು, ನಿಮಿಷದ ಮನೆಯ ಮೇಲಿದ್ದ ಗುಬ್ಬಿ, ಅಂಟಿಕೊಂಡ ಕಾಂಟ್ಯಾಕ್ಟ್, ಫೋನಿನಲ್ಲಿ ಆಡಿದ ಮಾತು ಎಲ್ಲ ಹೇಳಿದೆ. ತಪ್ಪು ಅವರದಲ್ಲ, ನನ್ನದು ಅಂದೆ. ಕೈ ಮುಗಿದೆ. ಅವರು ಅಳುತ್ತಾರೆ, ಇಲ್ಲವೆ ಹೊರಗೆ ನಡೆ ಅನ್ನುತ್ತಾರೆ ಎಂದುಕೊಂಡಿದ್ದೆ.

“ನನ್ನ ಮುಂದ ಯಾಕ ಹೇಳಾಕತ್ತೀರಿ?” ಅಂದರು. “ಅವರು ತಪ್ಪ್ಯಾರ ಅಂತ ನಾ ಒಂದ್ ದಿನಾನೂ ನಂಬಿದಾಕಿ ಅಲ್ಲ. ಅವರಿಗೆ ಹೇಳಬೇಕಿತ್ತು, ಅವರು ಹೋದ್ರು. ಮೂರು ವರ್ಷ ಮಲಗಿದಲ್ಲೇ ಬೆರಳು ತಿರುವಿ ತಿರುವಿ ನೋಡ್ಕೋತಿದ್ರು. ಈಗ ನಂಬಿದವರು ಹೊರಗ ಕುಂತಾರ. ಅವರ ಮುಂದ ಹೇಳ್ರಿ, ಹೋಗ್ರಿ.”

ಎದ್ದು ಹೊರಗೆ ಬಂದೆ. ಯಾರೋ ಕುರ್ಚಿ ಸರಿಸಿಕೊಟ್ಟರು, ಕೂರಲಿಲ್ಲ. ಮಿಸ್ತ್ರಿಯ ತಮ್ಮಂದಿರ ಕಡೆ ಮುಖ ಮಾಡಿ ನಿಂತು ಒಳಗೆ ಹೇಳಿದ್ದನ್ನೆಲ್ಲ ಇನ್ನೊಮ್ಮೆ ಹೇಳಿದೆ. ಹಿರಿಯ ತಮ್ಮ ಚಹಾದ ಕಪ್ಪನ್ನು ಕೆಳಗಿಟ್ಟ. ಕಿರಿಯವನು ಎದ್ದು ನಿಂತವನು ಮತ್ತೆ ಕೂತ. ಮ್ಯಾನೇಜರ್, ಸ್ಟೋರ್‌ಕೀಪರ್ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು, ಗೋಡೆಯ ಹತ್ತಿರದ ಹೆಂಗಸು ನೆಲ ನೋಡುತ್ತಿದ್ದಳು. ನಾನು ಮುಗಿಸಿ ಕೈ ಜೋಡಿಸಿದೆ. ಅಂತೂ ಹೇಳಿದೆನಲ್ಲ ಎಂದು ಉಸಿರು ಬಿಟ್ಟೆ.

“ಸಾವ್ಕಾರ್ರ.”

ಬಾಗಿಲಲ್ಲಿ ಮಿಸ್ತ್ರಿಯ ಹೆಂಡತಿ ನಿಂತಿದ್ದರು. “ಕನ್ನಡದಾಗ ಹೇಳಿದ್ರಿ. ಅಂಗಡ್ಯಾಗ ದಿನಾ ಕೊಂಕಣಿ ಮಾತಾಡ್ತೀರಂತಲ್ಲ. ಆ ಸಾಹೇಬ್ರಿಗೆ ತಿಳದಿಲ್ಲ, ಆ ಬಾಯಿಗೂ ತಿಳದಿಲ್ಲ.”

ಅವರು ಹೇಳುವತನಕ ನನಗೇ ಅದು ಹೊಳೆದಿರಲಿಲ್ಲ ಎಂದು ಬರೆಯಬಹುದು, ಆದರೆ ಅದೂ ಆ ಫೋನಿನ ಉತ್ತರದಂಥ ನುಣುಚುವ ಮಾತೇ ಆಗುತ್ತದೆ. ನಾನು ಗೋಡೆಯ ಕಡೆ ತಿರುಗಿದೆ. ಆ ಹೆಂಗಸು ತಲೆ ಎತ್ತಿದಳು. “ಬಾಯ್, ಚೂಕ್ ತಾಂಚಿ ನ್ಹಯ್, ಮ್ಹಜಿ,” ತಪ್ಪು ಅವರದಲ್ಲ, ನನ್ನದು ಎಂದು, ಚವತಿಗೆ ಎರಡು ದಿನ ಇರುವಾಗಿನಿಂದ, ಮತ್ತೆ ಮೊದಲಿನಿಂದ ಶುರು ಮಾಡಿದೆ.